ಮಚ್ಚೆಗಳ ನಕ್ಷೆ ಮಾಡುವುದು ಹೇಗೆ: ಅಂಗಾಲಿನಿಂದ ಆರಂಭಿಸಿ

ಸರ್ಕಾರಿ ನೌಕರರ ಸೇವಾ ಪುಸ್ತಕದಲ್ಲಿ ದೇಹದ ಮೇಲಿನ ಗುರುತಿನ ಚಿಹ್ನೆಗಳನ್ನು ಬರೆಯುವ ಕಲಂ ಒಂದಿರುತ್ತದೆ. ‘ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ’ ಎಂದು ಬರೆದರೆ ಅಲ್ಲಿಗೆ ಕೆಲಸ ಮುಗಿಯಿತು. ಆ ಮಚ್ಚೆಯ ಅಳತೆ ಎಷ್ಟು, ಅಂಚು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಮಚ್ಚೆಗಳ ನಕ್ಷೆ ಎಂಬ ವೈದ್ಯಕೀಯ ಕ್ರಮ ಶುರುವಾಗುವುದೇ ಆ ಪ್ರಶ್ನೆಗಳಿಂದ. ಮೈಮೇಲೆ ಎಲ್ಲೆಲ್ಲಿ ಯಾವ ಮಚ್ಚೆ ಇದೆ, ಎಷ್ಟು ದೊಡ್ಡದಿದೆ, ಯಾವ ಬಣ್ಣದ್ದಿದೆ ಎಂಬುದನ್ನು ಚಿತ್ರಸಮೇತ ದಾಖಲಿಸಿಟ್ಟು, ಕೆಲವು ತಿಂಗಳ ಬಳಿಕ ಅದೇ ರೀತಿಯಲ್ಲಿ ಮತ್ತೊಮ್ಮೆ ದಾಖಲಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೊಸದಾಗಿ ಬಂದದ್ದು ಯಾವುದು, ಬದಲಾದದ್ದು ಯಾವುದು ಎಂದು ನೋಡುವುದೇ ಈ ಕ್ರಮ. ಒಂದು ಮಚ್ಚೆಯನ್ನು ಒಂದೇ ಸಲ ನೋಡಿದಾಗ ಅನುಭವಿ ವೈದ್ಯರಿಗೂ ತಿಳಿಯದ ಸಂಗತಿ, ಅದೇ ಮಚ್ಚೆಯ ಹಳೆಯ ಫೋಟೊ ಜೊತೆಗಿದ್ದರೆ ಎಷ್ಟೋ ವೇಳೆ ತಿಳಿದುಬಿಡುತ್ತದೆ.

ಈ ಕ್ರಮ ಹೆಚ್ಚು ಬಳಕೆಯಲ್ಲಿರುವುದು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಂತಹ ದೇಶಗಳಲ್ಲಿ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಂದ ಹುಟ್ಟುವ ಮೆಲನೋಮ ಎಂಬ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚು ಕಾಣಿಸಿಕೊಳ್ಳುವುದು ಅಲ್ಲಿನ ಬಿಳಿ ಚರ್ಮದವರಲ್ಲಿ. ಆದ್ದರಿಂದಲೇ ಇಂಟರ್‌ನೆಟ್ಟಿನಲ್ಲಿ ಸಿಗುವ ಬಹುಪಾಲು ಮಾರ್ಗದರ್ಶಿಗಳು ಬೆನ್ನು, ಭುಜ, ಮೀನಖಂಡ ಎಂದು ಬಿಸಿಲು ಬೀಳುವ ಜಾಗಗಳನ್ನೇ ಮೊದಲು ಹೇಳುತ್ತವೆ. ಕಂದು ಮೈಬಣ್ಣದ ನಮ್ಮಲ್ಲಿ ಮೆಲನೋಮ ಅಪರೂಪವೆಂಬುದು ನಿಜ. ಆದರೆ ಬಂದಾಗ ಅದು ಅಂಗಾಲು, ಅಂಗೈ, ಉಗುರಿನ ಕೆಳಭಾಗ ಮುಂತಾದ, ಬಿಸಿಲಿಗೂ ಅದಕ್ಕೂ ಸಂಬಂಧವೇ ಇಲ್ಲದ ಜಾಗಗಳಲ್ಲಿ ಕಾಣಿಸಿಕೊಳ್ಳುವ ಪ್ರಮಾಣ ಹೆಚ್ಚು. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದ ಮೆಲನೋಮ ಕಾಲ್ಬೆರಳಿನ ಉಗುರಿನ ಕೆಳಗಿತ್ತು. 1981ರಲ್ಲಿ, 36ನೆಯ ವಯಸ್ಸಿನಲ್ಲಿ, ಅದೇ ಕಾಯಿಲೆಯಿಂದ ಅವರು ತೀರಿಕೊಂಡರು. ಆದ್ದರಿಂದ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಓದುಗರು ತಮ್ಮ ನಕ್ಷೆಯನ್ನು ಅಂಗಾಲಿನಿಂದ ಮೇಲಕ್ಕೆ ಮಾಡುತ್ತ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾರಿಗೆ ಇದು ಬೇಕು?

ಎಲ್ಲರಿಗೂ ಬೇಕಿಲ್ಲ. ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರಿಗೆ ನಮ್ಮಲ್ಲಿ ಸರ್ಕಾರದ ತಪಾಸಣಾ ಕಾರ್ಯಕ್ರಮವಿದೆ, ಚರ್ಮದ ಕ್ಯಾನ್ಸರಿಗೆ ಇಲ್ಲ. ಆ ಕಾಯಿಲೆ ಇಲ್ಲಿ ಅಷ್ಟು ಸಾಮಾನ್ಯವಲ್ಲ ಎಂಬುದನ್ನು ನೆನೆದರೆ ಇದರಲ್ಲಿ ಆಕ್ಷೇಪಿಸುವಂಥದ್ದೂ ಇಲ್ಲ. ಬಿಳಿಯರು ಹೆಚ್ಚಿರುವ ಅಮೆರಿಕದಲ್ಲಿಯೇ ಅಲ್ಲಿನ ತಜ್ಞರ ಕಾರ್ಯಪಡೆ 2023ರಲ್ಲಿ ಈ ಪ್ರಶ್ನೆಯನ್ನು ಮತ್ತೊಮ್ಮೆ ಪರಿಶೀಲಿಸಿ, ಯಾವ ಲಕ್ಷಣವೂ ಇಲ್ಲದ ಎಲ್ಲರ ಚರ್ಮವನ್ನೂ ವೈದ್ಯರು ಕಣ್ಣಿನಿಂದ ಪರೀಕ್ಷಿಸಬೇಕೆಂದಾಗಲಿ ಬೇಡವೆಂದಾಗಲಿ ಹೇಳಲು ಸಾಕಷ್ಟು ಪುರಾವೆಯಿಲ್ಲ ಎಂದಿತು. ಮೈತುಂಬ ಮಚ್ಚೆಗಳಿರುವವರು, ಅಂದರೆ ಐವತ್ತಕ್ಕೂ ಹೆಚ್ಚು ಇರುವವರು, ತಮಗಾಗಲಿ ತಂದೆ-ತಾಯಿ, ಒಡಹುಟ್ಟಿದವರಿಗಾಗಲಿ ಮೆಲನೋಮ ಬಂದಿದ್ದವರು, ಅಂಗೈಯಗಲಕ್ಕಿಂತ ದೊಡ್ಡ ಹುಟ್ಟುಮಚ್ಚೆ ಇರುವವರು, ಮೂತ್ರಪಿಂಡ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರು ಕ್ರಮಬದ್ಧವಾಗಿ ನಕ್ಷೆ ಮಾಡಿಸಿಕೊಳ್ಳುವುದು ಸರಿ.

ಇನ್ನೆರಡು ಗುಂಪುಗಳನ್ನು ಬೇರೆಯಾಗಿ ಹೇಳಬೇಕು. ಹುಟ್ಟಿನಿಂದಲೇ ಮೈ, ಕೂದಲು, ಹುಬ್ಬು ಬೆಳ್ಳಗಿದ್ದು ಬಿಸಿಲಿಗೆ ಕಣ್ಣು ಬಿಡಲಾಗದ ಆಲ್ಬಿನಿಸಂ ಇರುವವರಿಗೆ ಚರ್ಮದ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಬಹಳ ಹೆಚ್ಚು, ಅದೂ ಚಿಕ್ಕ ವಯಸ್ಸಿನಲ್ಲಿಯೇ. ತೊನ್ನು ಬಂದವರು ಈ ಗುಂಪಿಗೆ ಸೇರುವುದಿಲ್ಲ. ಅವರು ವೃಥಾ ಹೆದರಬಾರದು. ಎರಡನೆಯದು, ಕೂಸಿಗೆ ಎರಡು ವರ್ಷ ತುಂಬುವ ಮೊದಲೇ ಬಿಸಿಲು ಬಿದ್ದಲ್ಲೆಲ್ಲ ಕಪ್ಪು-ಕಂದು ಚುಕ್ಕೆಗಳು ತುಂಬಿಕೊಳ್ಳುವ ಝೀರೋಡರ್ಮ ಪಿಗ್ಮೆಂಟೋಸಮ್ ಎಂಬ ಆನುವಂಶಿಕ ಕಾಯಿಲೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇನ್ನೂ ಇರುವ ನಮ್ಮ ಭಾಗದಲ್ಲಿ ಇಂತಹ ಚುಕ್ಕೆಗಳನ್ನು ‘ಬಿಸಿಲ ಕಲೆ’ ಎಂದು ಬಿಟ್ಟುಬಿಡದೆ ಕೂಸನ್ನು ಚರ್ಮರೋಗ ತಜ್ಞರಿಗೆ ತೋರಿಸಬೇಕು.

ಈ ಯಾವ ಗುಂಪಿಗೂ ಸೇರದ ಉಳಿದವರಿಗೆ ಪಾದ, ಉಗುರು, ಮುಖ ಮತ್ತು ಹಳೆಯ ಸುಟ್ಟ ಕಲೆಗಳನ್ನು ಆಗಾಗ ನೋಡಿಕೊಳ್ಳುವ ಅಭ್ಯಾಸವಷ್ಟೇ ಸಾಕು.

ಸಿದ್ಧತೆ

ಫೋಟೊ ತೆಗೆಯುವ ಮೊದಲು ಮೈ ಶುಚಿಯಾಗಿರಬೇಕು ಎಂಬುದು ಇಲ್ಲಿ ತೋರಿಕೆಯ ಮಾತಲ್ಲ. ಎರೆಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರ ಹಿಮ್ಮಡಿಯ ಬಿರುಕುಗಳಲ್ಲಿ ಕಪ್ಪು ಮಣ್ಣು ಹೂತು ಕುಳಿತಿರುತ್ತದೆ. ನಿಪ್ಪಾಣಿ ಕಡೆ ತಂಬಾಕಿನ ಕೆಲಸ ಮಾಡುವವರ, ರಬಕವಿ-ಬನಹಟ್ಟಿ, ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವವರ ಬೆರಳು-ಉಗುರುಗಳ ಮೇಲಿನ ಕಲೆ ತೊಳೆದ ಕೂಡಲೇ ಹೋಗುವಂಥದ್ದಲ್ಲ. ಮದರಂಗಿ ಮತ್ತು ಕೂದಲಿಗೆ ಹಚ್ಚುವ ಕಪ್ಪು ಬಣ್ಣ ಅಂಗೈ-ಅಂಗಾಲುಗಳ ಚರ್ಮದಲ್ಲಿ ಎಂತಹ ವಿನ್ಯಾಸದಲ್ಲಿ ಕೂರುತ್ತವೆಂದರೆ, ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಎಂಬ ಮಸೂರದಲ್ಲಿ ನೋಡಿದಾಗ ಮೆಲನೋಮದ ವಿನ್ಯಾಸವನ್ನೇ ಹೋಲಬಲ್ಲವು. ಆದ್ದರಿಂದ ಮದುವೆ-ಮುಂಜಿವೆ ಮುಗಿದು ಮದರಂಗಿ ಪೂರ್ತಿ ಮಾಸಿದ ಮೇಲೆಯೇ ಅಂಗೈ-ಪಾದಗಳ ಫೋಟೊ ತೆಗೆಯಿರಿ, ಮತ್ತು ನಿಮ್ಮ ಕೈ ಯಾವ ಬಣ್ಣ, ಯಾವ ಎಲೆ, ಯಾವ ರಾಸಾಯನಿಕದಲ್ಲಿ ಆಡುತ್ತದೆ ಎಂಬುದನ್ನು ವೈದ್ಯರಿಗೆ ಅವರು ಕೇಳದಿದ್ದರೂ ಹೇಳಿ. ಹಿಂದಿನ ರಾತ್ರಿ ಪಾದಗಳನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ತಿಕ್ಕಿ ತೊಳೆಯಿರಿ; ಉಗುರು ಬಣ್ಣವನ್ನು ಪೂರ್ತಿ ಒರೆಸಿ ತೆಗೆಯಿರಿ. ಆದರೆ ಎಣ್ಣೆ ಹಚ್ಚಬೇಡಿ: ಔಡಲೆಣ್ಣೆಯ ಹೊಳಪು ಫೋಟೊದಲ್ಲಿ ಬಿಳಿ ಕಲೆಯಾಗಿ ಮೂಡಿ ಮಚ್ಚೆಯ ಅಂಚನ್ನು ನುಂಗಿಬಿಡುತ್ತದೆ.

ಬೇಕಾಗುವ ಸಾಮಾನು ಹೆಚ್ಚಿನದೇನಲ್ಲ. ಮಿಲಿಮೀಟರ್ ಗೆರೆಗಳು ಸ್ಪಷ್ಟವಾಗಿರುವ ಶಾಲೆಯ ಅಳತೆಪಟ್ಟಿ, ಎರಡು ಕನ್ನಡಿ, ಒಂದು ಬಿಳಿ ಕಾಗದ, ಸಾದಾ ಬಣ್ಣದ ಚಾದರ, ಒಂದು ನೋಟ್‌ಬುಕ್, ಮತ್ತು ಮನೆಯಲ್ಲಿರುವ ಮೊಬೈಲ್‌ಗಳ ಪೈಕಿ ಕ್ಯಾಮೆರಾ ಚೆನ್ನಾಗಿರುವ ಒಂದು. ಮುಂದಿನ ಸಲವೂ ಅದೇ ಮೊಬೈಲನ್ನು ಬಳಸಿ. ಮುಖವನ್ನು ನುಣುಪಾಗಿ, ಬೆಳ್ಳಗೆ ತೋರಿಸುವ ಬ್ಯೂಟಿ ಮೋಡ್ ಎಷ್ಟೋ ಮೊಬೈಲ್‌ಗಳಲ್ಲಿ ತಾನಾಗಿಯೇ ಚಾಲೂ ಇರುತ್ತದೆ. ಕಾಣಬೇಕಾದ ಚುಕ್ಕೆಯನ್ನೇ ಅಳಿಸಿಹಾಕುವ ಈ ಸೌಲಭ್ಯವನ್ನು ಮೊದಲು ಬಂದ್ ಮಾಡಿ.

ಫೋಟೊ ತೆಗೆಯುವ ಕ್ರಮ

ಬೆಳಗಿನ ಹೊತ್ತು, ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಪ್ರತಿ ಭಾಗಕ್ಕೂ ಮೊದಲು ದೂರದ ಫೋಟೊ, ಬಳಿಕ ಹತ್ತಿರದ ಫೋಟೊ. ದೂರದ ಫೋಟೊದಲ್ಲಿ ಇಡೀ ಪಾದ, ಇಡೀ ಬೆನ್ನು, ಇಡೀ ತೋಳು ಕಾಣಬೇಕು. ಮಚ್ಚೆ ಯಾವ ಜಾಗದ್ದು ಎಂದು ತಿಳಿಸುವುದು ಅದೇ. ಹತ್ತಿರದ ಫೋಟೊದಲ್ಲಿ ಮಚ್ಚೆಯ ಪಕ್ಕದಲ್ಲಿ ಚರ್ಮಕ್ಕೆ ತಾಗಿದಂತೆ ಅಳತೆಪಟ್ಟಿ ಮತ್ತು ಬಿಳಿ ಕಾಗದದ ಅಂಚು ಇರಲಿ: ಪಟ್ಟಿ ಅಳತೆಗೆ, ಕಾಗದ ಬಣ್ಣದ ಹೋಲಿಕೆಗೆ. ಮೊಬೈಲನ್ನು ಮಚ್ಚೆಗೆ ತೀರ ಹತ್ತಿರ ಒಯ್ದರೆ ಚಿತ್ರ ಮಸುಕಾಗುತ್ತದೆ. ಒಂದು ಗೇಣಿನಷ್ಟು ಹಿಂದೆ ಹಿಡಿದು, ಪರದೆಯ ಮೇಲೆ ಮಚ್ಚೆ ಇರುವಲ್ಲಿ ಬೆರಳಿಟ್ಟು ಫೋಕಸ್ ಮಾಡಿ, ಎರಡು ಪಟ್ಟು ಝೂಮ್ ಮಾಡಿದರೆ ಗೆರೆಗೆರೆಯೂ ಕಾಣುತ್ತದೆ.

ನೋಟ್‌ಬುಕ್ಕಿನಲ್ಲಿ ಮನುಷ್ಯಾಕೃತಿಯ ಮುಂಭಾಗ, ಹಿಂಭಾಗ ಮತ್ತು ಎರಡೂ ಪಾದಗಳ ತಳಭಾಗವನ್ನು ದೊಡ್ಡದಾಗಿ ಬಿಡಿಸಿಕೊಂಡು, ಪ್ರತಿ ಮಚ್ಚೆಗೂ ಒಂದು ಅಂಕಿ ಕೊಟ್ಟು, ಎದುರಿನ ಪುಟದಲ್ಲಿ ಹೀಗೆ ಬರೆಯಿರಿ: ‘3. ಎಡ ಅಂಗಾಲು, ಹಿಮ್ಮಡಿಯ ಒಳಬದಿ. ತಿಳಿ ಕಂದು, ಒಂದೇ ಬಣ್ಣ. ಉದ್ದ 4 ಮಿ.ಮೀ., ಅಗಲ 3 ಮಿ.ಮೀ. ಚಪ್ಪಟೆ. ನೋವಿಲ್ಲ, ತುರಿಕೆಯಿಲ್ಲ. ಎಂದಿನಿಂದ ಇದೆಯೋ ತಿಳಿಯದು.’ ಕೊನೆಯ ವಾಕ್ಯವನ್ನು ಬರೆಯಲು ಸಂಕೋಚ ಬೇಡ; ತಿಳಿಯದ್ದನ್ನು ‘ಹುಟ್ಟಿದಾಗಿನಿಂದ’ ಎಂದು ಬರೆದರೆ ವೈದ್ಯರು ದಾರಿ ತಪ್ಪುತ್ತಾರೆ.

ಹೆಣ್ಣುಮಕ್ಕಳ ಫೋಟೊಗಳ ವಿಷಯದಲ್ಲಿ ಎಚ್ಚರ ಬೇಕು. ತೆಗೆಯುವವರು ತಾಯಿ, ಅಕ್ಕ-ತಂಗಿ, ಮಗಳು, ಗಂಡ ಹೀಗೆ ನಂಬಿಗೆಯ ಒಬ್ಬರೇ ಆಗಿರಲಿ. ಫೋಟೊಗಳು ಮೊಬೈಲಿನ ಬೀಗ ಹಾಕಿದ ಫೋಲ್ಡರಿನಲ್ಲಿರಲಿ. ತಾನಾಗಿ ಆನ್‌ಲೈನ್‌ಗೆ ಏರುವ ಬ್ಯಾಕಪ್ಪನ್ನು ಅವುಗಳ ಮಟ್ಟಿಗೆ ನಿಲ್ಲಿಸಿ. ವೈದ್ಯರಿಗೆ ವಾಟ್ಸಾಪಿನಲ್ಲಿ ಕಳಿಸಬೇಕಾಗಿ ಬಂದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಚಿತ್ರ ಕುಗ್ಗಿ ವಿವರ ಹೋಗುತ್ತದೆ. ಮುಖ ಮತ್ತು ಮಚ್ಚೆ ಒಂದೇ ಚಿತ್ರದಲ್ಲಿ ಬಾರದಂತೆ ತೆಗೆಯುವುದು ಇನ್ನೂ ಒಳ್ಳೆಯದು.

ಪಾದ ಮತ್ತು ಉಗುರು

ಅಂಗಾಲು, ಹಿಮ್ಮಡಿಯ ಸುತ್ತ, ಬೆರಳುಗಳ ಸಂದು, ಇವನ್ನು ಬೆರಳಿನಿಂದ ಅಗಲಿಸಿ ನೋಡಬೇಕು. ವಯಸ್ಸಾದವರು ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳಲಾರರು; ಮೊಮ್ಮಕ್ಕಳು ಕುಳಿತು ನೋಡಲಿ. ವಯಸ್ಕರಲ್ಲಿ ಹೊಸದಾಗಿ ಕಾಣಿಸಿಕೊಂಡ, ಒಂದೇ ಚುಕ್ಕೆಯಲ್ಲಿ ಕಂದು, ಕಪ್ಪು, ಬೂದು ಬೆರೆತ, ಅಂಚು ಹರಡಿಕೊಂಡಂತಿರುವ, 7 ಮಿಲಿಮೀಟರಿಗಿಂತ ದೊಡ್ಡದಾದ ಕಲೆ ಅಂಗಾಲಿನಲ್ಲಿದ್ದರೆ ಅದಕ್ಕೆ ಮುಂದಿನ ಫೋಟೊವರೆಗೆ ಕಾಯುವ ಅಗತ್ಯವಿಲ್ಲ, ಈಗಲೇ ತೋರಿಸಿ.

ಮೆಲನೋಮ ಯಾವಾಗಲೂ ಕಪ್ಪಗೇ ಇರುತ್ತದೆ ಎಂದೂ ಇಲ್ಲ. ಅಂಗಾಲಿನ ಮೆಲನೋಮ ಕೆಲವೊಮ್ಮೆ ಬಣ್ಣವಿಲ್ಲದ, ಕೆಂಪಾದ, ರಸ ಒಸರುವ ಹುಣ್ಣಿನಂತೆಯೂ ಇರುತ್ತದೆ. ಆಣಿ ಎಂದು ಬ್ಲೇಡಿನಿಂದ ಕೆತ್ತಿಸಿಕೊಳ್ಳುವುದು, ಜಾಲಿಮುಳ್ಳು ನೆಟ್ಟ ಗಾಯ ಎಂದು ಅರಿಷಿಣ ತುಂಬುವುದು, ಸಕ್ಕರೆ ಕಾಯಿಲೆಯ ಹುಣ್ಣು ಎಂದು ತಿಂಗಳುಗಟ್ಟಲೆ ಪಟ್ಟಿ ಕಟ್ಟಿಸುವುದು, ಇವುಗಳ ನಡುವೆ ಕಾಯಿಲೆ ಆಳಕ್ಕಿಳಿಯುತ್ತದೆ. ಸರಿಯಾದ ಆರೈಕೆಯಲ್ಲಿಯೂ ನಾಲ್ಕು ವಾರದಲ್ಲಿ ಮಾಯುವ ಲಕ್ಷಣ ತೋರದ ಪಾದದ ಹುಣ್ಣಿಗೆ ಬಯಾಪ್ಸಿ (ಸಣ್ಣ ತುಣುಕು ಕತ್ತರಿಸಿ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು) ಬೇಕೇ ಎಂದು ವೈದ್ಯರನ್ನು ನೀವಾಗಿಯೇ ಕೇಳಿ.

ಉಗುರಿನ ಕಪ್ಪು ಗೆರೆಗಳ ವಿಷಯದಲ್ಲಿ ಮಾತ್ರ ಹೆದರುವುದಕ್ಕಿಂತ ಎಣಿಸುವುದು ಒಳ್ಳೆಯದು. ನಮ್ಮ ಮೈಬಣ್ಣದವರಲ್ಲಿ ಹಲವು ಉಗುರುಗಳಲ್ಲಿ ಬುಡದಿಂದ ತುದಿಯವರೆಗೆ ಸಣ್ಣ ಕಂದು ಗೆರೆಗಳಿರುವುದು ಸಾಮಾನ್ಯ. ಒಂದೇ ಉಗುರಿನಲ್ಲಿ, ಅದರಲ್ಲೂ ಕೈಯ ಅಥವಾ ಕಾಲಿನ ಹೆಬ್ಬೆರಳಿನಲ್ಲಿ, ನಡುವಯಸ್ಸಿನ ನಂತರ ಹೊಸದಾಗಿ ಬಂದ ಗೆರೆ ಅಗಲವಾಗುತ್ತ 3 ಮಿ.ಮೀ. ದಾಟಿದರೆ, ಬುಡದಲ್ಲಿ ಅಗಲವಾಗಿದ್ದು ತುದಿಯಲ್ಲಿ ಕಿರಿದಾಗಿದ್ದರೆ, ಅಥವಾ ಕಪ್ಪು ಬಣ್ಣ ಉಗುರನ್ನು ದಾಟಿ ಬುಡದ ಚರ್ಮಕ್ಕೂ ಹರಡಿದ್ದರೆ ಅದು ತಜ್ಞರ ಮುಂದೆ ಹೋಗಲೇಬೇಕಾದ ಉಗುರು. ಕಲ್ಲು ಎಡವಿಯೋ ಬಾಗಿಲಿಗೆ ಸಿಕ್ಕಿಯೋ ರಕ್ತ ಹೆಪ್ಪುಗಟ್ಟಿ ಕಪ್ಪಾದ ಉಗುರನ್ನು ಫೋಟೊಗಳಿಂದಲೇ ಬೇರ್ಪಡಿಸಬಹುದು: ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿ.ಮೀ., ಕೈಯ ಉಗುರು ಸುಮಾರು 3 ಮಿ.ಮೀ. ಬೆಳೆಯುವುದರಿಂದ ಹೆಪ್ಪುಗಟ್ಟಿದ ರಕ್ತ ಉಗುರಿನ ಜೊತೆಗೇ ಮುಂದೆ ಸರಿದು, ಅದರ ಹಿಂದೆ ಶುಭ್ರವಾದ ಹೊಸ ಉಗುರು ಕಾಣಿಸುತ್ತದೆ. ಎರಡು ತಿಂಗಳಲ್ಲಿ ಹೀಗೆ ಕಾಣದಿದ್ದರೆ ತೋರಿಸಿ.

ಉಳಿದ ಭಾಗಗಳು

ಮುಖದಲ್ಲಿ ಮೂಗಿನ ಪಕ್ಕ, ಕಣ್ಣಿನ ಕೆಳಗೆ, ಕಿವಿಯ ಹಿಂದೆ ನೋಡಿ. ವಯಸ್ಸಾದವರ ಮುಖದ ಮೇಲೆ ಮುತ್ತಿನಂತೆ ಹೊಳೆಯುವ ಅಂಚಿದ್ದು, ನಡುವೆ ಆಗಾಗ ಒಡೆದು ರಕ್ತ ಜಿನುಗಿ ಮತ್ತೆ ಹೆಕ್ಕಳಗಟ್ಟುವ ಕಪ್ಪು ಗಂಟು ಎಷ್ಟೋ ಸಲ ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಆಗಿರುತ್ತದೆ. ನಮ್ಮ ಮೈಬಣ್ಣದಲ್ಲಿ ಇದು ಕಪ್ಪಾಗಿಯೇ ಇರುವುದರಿಂದ ಮಚ್ಚೆ ಎಂದು ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಇದು ದೂರದ ಅಂಗಗಳಿಗೆ ಹರಡುವುದು ತೀರ ವಿರಳ, ಆದರೆ ಬಿಟ್ಟಷ್ಟೂ ಮೂಗು, ರೆಪ್ಪೆಗಳನ್ನು ತಿನ್ನುತ್ತದೆ.

ಒಲೆಯ ಬೆಂಕಿಯಿಂದಲೋ ಕುದಿಯುವ ಎಣ್ಣೆಯಿಂದಲೋ ಹಿಂದೆಂದೋ ಸುಟ್ಟ ಕಲೆಯಲ್ಲಿ ದಶಕಗಳ ನಂತರ ಹುಣ್ಣೆದ್ದು ಮಾಯದಿದ್ದರೆ ಅದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಆಗಿರಬಹುದು. ಸೊಂಟವನ್ನೂ ಮರೆಯಬೇಡಿ: ಧೋತರದ ಬಿಗಿತದಿಂದ ಸೊಂಟದ ಚರ್ಮದಲ್ಲಿ ಹುಟ್ಟುವ ಕ್ಯಾನ್ಸರನ್ನು ಮುಂಬಯಿಯ ಖಾನೋಲ್ಕರ್ ಮತ್ತು ಸೂರ್ಯಬಾಯಿ 1945ರಲ್ಲಿಯೇ ವಿವರಿಸಿದ್ದರು, ಲಂಗದ ಲಾಡಿಯನ್ನು ವರ್ಷಾನುಗಟ್ಟಲೆ ಒಂದೇ ಜಾಗಕ್ಕೆ ಬಿಗಿಯುವ ಹೆಂಗಸರಲ್ಲಿಯೂ ಅದೇ ಬಗೆಯದು ವರದಿಯಾಗಿದೆ. ಲಾಡಿಯ ಗುರುತಿನಲ್ಲಿ ಚರ್ಮ ದಪ್ಪಗಟ್ಟಿ ಒಡೆದಿದ್ದರೆ ನಕ್ಷೆಯಲ್ಲಿ ಗುರುತಿಸಿ, ಕಟ್ಟುವ ಜಾಗವನ್ನು ಬದಲಿಸಿ. ಕೆನ್ನೆ, ಕುತ್ತಿಗೆಯ ಮೇಲಿನ ಸಣ್ಣ ಕಪ್ಪು ನರಹುಲಿಗಳನ್ನು ಒಂದೊಂದಾಗಿ ಎಣಿಸುವ ಅಗತ್ಯವಿಲ್ಲ; ಒಟ್ಟಿಗೆ ಒಂದು ಫೋಟೊ ಸಾಕು.

ಹೋಲಿಸಿ ನೋಡುವಾಗ

ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎಂದು ಇಟ್ಟುಕೊಂಡರೆ ಸುಮಾರು ಆರು ತಿಂಗಳ ಅಂತರ ತಾನಾಗಿಯೇ ಸಿಗುತ್ತದೆ, ಮರೆಯುವುದೂ ಇಲ್ಲ. ಎಣ್ಣೆಸ್ನಾನಕ್ಕೆ ಮೊದಲು ತೆಗೆಯಿರಿ, ಅಷ್ಟೇ. ಏಪ್ರಿಲ್-ಮೇ ಬಿಸಿಲಿಗೆ ಕಪ್ಪಾದ ಮೈಯನ್ನು ಚಳಿಗಾಲದ ಮೈಯೊಂದಿಗೆ ಹೋಲಿಸಿದರೆ ಎಲ್ಲವೂ ಬದಲಾದಂತೆ ಕಾಣುತ್ತದೆ. ಮೇಲೆ ಹೇಳಿದ ಹೆಚ್ಚಿನ ಅಪಾಯದ ಗುಂಪಿನವರು ಫೋಟೊ ತೆಗೆಯದಿದ್ದರೂ ತಿಂಗಳಿಗೊಮ್ಮೆ ನೋಟ್‌ಬುಕ್ ಹಿಡಿದು ನೋಡಿಕೊಳ್ಳುವುದು ಒಳ್ಳೆಯದು.

ನ್ಯೂಯಾರ್ಕಿನ ವೈದ್ಯರು 1985ರಲ್ಲಿ ಹೇಳಿದ, ಇಂದಿಗೂ ಬಳಕೆಯಲ್ಲಿರುವ ಸೂತ್ರದಂತೆ ನೋಡಬೇಕಾದದ್ದು ಮಚ್ಚೆಯ ಎರಡು ಅರ್ಧಗಳು ಒಂದಕ್ಕೊಂದು ಹೊಂದುತ್ತವೆಯೇ, ಅಂಚು ಸರಿಯಿದೆಯೇ, ಬಣ್ಣ ಒಂದೇ ಇದೆಯೇ, ವ್ಯಾಸ 6 ಮಿ.ಮೀ. ದಾಟಿದೆಯೇ ಎಂಬುದನ್ನು, 2004ರಲ್ಲಿ ಇದಕ್ಕೆ ಐದನೆಯದಾಗಿ ‘ಬದಲಾಗುತ್ತಿದೆಯೇ’ ಎಂಬುದು ಸೇರಿತು. ಮೊದಲ ನಾಲ್ಕಕ್ಕಿಂತ ಐದನೆಯದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಒಬ್ಬರ ಮೈಮೇಲಿನ ಮಚ್ಚೆಗಳೆಲ್ಲ ಸಾಮಾನ್ಯವಾಗಿ ಒಂದೇ ಬಗೆಯವಾಗಿರುತ್ತವೆ. ಆ ಗುಂಪಿಗೆ ಸೇರದೆ ಬೇರೆಯಾಗಿ ನಿಲ್ಲುವ ಒಂದೇ ಒಂದು ಮಚ್ಚೆಯ ಮೇಲೂ ಕಣ್ಣಿರಲಿ. ಉಬ್ಬಿ, ಗಟ್ಟಿಯಾಗಿ, ಒಂದು ತಿಂಗಳಿಗೂ ಹೆಚ್ಚು ಕಾಲ ಬೆಳೆಯುತ್ತಲೇ ಇರುವ ಗಂಟು ಈ ಯಾವ ಸೂತ್ರಕ್ಕೂ ಒಗ್ಗದಿದ್ದರೂ ಕೂಡಲೇ ತೋರಿಸಬೇಕಾದದ್ದು. ಮೊಬೈಲಿನ ಆ್ಯಪುಗಳು ಕೊಡುವ ತೀರ್ಪನ್ನು ನಂಬಬೇಡಿ. ಅವುಗಳಿಗೆ ಕಲಿಸಿದ ಚಿತ್ರಗಳಲ್ಲಿ ಬಹುಪಾಲು ಬಿಳಿ ಚರ್ಮದವು.

ವೈದ್ಯರ ಬಳಿ

ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್‌ಇ ಆಸ್ಪತ್ರೆ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದ ಬಿಎಲ್‌ಡಿಇ ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಭಾರತೀಯರ ಚರ್ಮದ ಡರ್ಮೋಸ್ಕೋಪಿ ಬಗ್ಗೆ ಬಾಗಲಕೋಟೆಯ ವಿಭಾಗದಿಂದ ಹಲವು ಸಂಶೋಧನಾ ಲೇಖನಗಳು ಹೊರಬಂದಿವೆ ಎಂಬುದು ನಮ್ಮ ಭಾಗದವರು ಹೆಮ್ಮೆಪಡಬೇಕಾದ ಸಂಗತಿ. ವಿದೇಶಗಳಲ್ಲಿ 92 ಕ್ಯಾಮೆರಾಗಳು ಒಟ್ಟಿಗೆ ಕ್ಲಿಕ್ಕಿಸಿ ಇಡೀ ಮೈಯ ಚಿತ್ರ ತೆಗೆಯುವ ಯಂತ್ರಗಳಿವೆ. ನಿಮ್ಮ ನೋಟ್‌ಬುಕ್ಕು, ಮೊಬೈಲ್ ಮತ್ತು ತಜ್ಞರ ಕೈಯ ಡರ್ಮೋಸ್ಕೋಪು ಸೇರಿದರೆ ಆ ಕೆಲಸದ ಬಹುಭಾಗ ಇಲ್ಲಿಯೇ ಆಗುತ್ತದೆ.

ಡರ್ಮೋಸ್ಕೋಪ್ ಎಂದರೆ ಸುಮಾರು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಚರ್ಮದ ಹೊಳಪನ್ನು ತಡೆದು ಒಳಪದರದ ಬಣ್ಣವನ್ನು ಕಾಣಿಸುವ ದೀಪದ ಮಸೂರ. ನೋವಿಲ್ಲ, ಸೂಜಿಯಿಲ್ಲ. ಅಂಗಾಲಿನ ಚರ್ಮ ಅದರಡಿ ಕಬ್ಬಿನ ಹೊಲದಂತೆ ಬೋದು-ಸಾಲುಗಳಾಗಿ (ಉಬ್ಬಿದ ಏರು, ನಡುವಿನ ತಗ್ಗು) ಕಾಣುತ್ತದೆ, ಬೋದಿನ ನೆತ್ತಿಯುದ್ದಕ್ಕೂ ಬೆವರಿನ ರಂಧ್ರಗಳು ಬಿಳಿ ಚುಕ್ಕೆಗಳಾಗಿ ಹೆಣೆದಿರುತ್ತವೆ. ನಿರಪಾಯದ ಮಚ್ಚೆಯಲ್ಲಿ ಬಣ್ಣ ಸಾಮಾನ್ಯವಾಗಿ ಸಾಲುಗಳಲ್ಲಿರುತ್ತದೆ. ಮೆಲನೋಮದಲ್ಲಿ ಬೋದುಗಳ ಮೇಲಿರುತ್ತದೆ. ಜಪಾನಿನ ವೈದ್ಯರು ಗುರುತಿಸಿದ ಈ ವ್ಯತ್ಯಾಸ ಬರಿಗಣ್ಣಿಗೆ ಕಾಣದು. ಮದರಂಗಿಯೂ ಬೋದುಗಳ ಮೇಲೆಯೇ ಕೂರುತ್ತದೆ, ಆದ್ದರಿಂದಲೇ ಮೇಲಿನ ಎಚ್ಚರಿಕೆ. ಸಂಶಯ ಸಣ್ಣದಿದ್ದರೆ ಮೂರು ತಿಂಗಳ ನಂತರ ಮತ್ತೊಮ್ಮೆ ಬರಹೇಳುತ್ತಾರೆ. ಆ ದಿನಾಂಕವನ್ನು ತಪ್ಪಿಸುವಂತಿಲ್ಲ.

ಸಂಶಯ ಬಲವಾಗಿದ್ದರೆ ಬಯಾಪ್ಸಿ. ‘ಕತ್ತರಿ ಆಡಿಸಿದರೆ ಗಂಟು ಮೈಯೆಲ್ಲ ಹಬ್ಬುತ್ತದೆ’ ಎಂಬ ಭಯ ಊರೂರಲ್ಲಿದೆ. ಬಯಾಪ್ಸಿಯಿಂದ ಮೆಲನೋಮ ಹರಡುವುದಿಲ್ಲ; ಹರಡಿದ ಮೇಲೆ ಬಯಾಪ್ಸಿಗೆ ಬರುವವರೇ ಹೆಚ್ಚಾಗಿರುವುದರಿಂದ ಈ ನಂಬಿಕೆ ಉಳಿದುಕೊಂಡಿದೆ. ನಿಜವಾಗಿ ಹಾನಿ ಮಾಡುವುದು ಬೇರೆ: ಸುಣ್ಣ-ಸೋಡಾ ಹಚ್ಚಿ ಸುಡುವುದು, ಕುದುರೆಯ ಬಾಲದ ಕೂದಲು ಕಟ್ಟಿ ಉದುರಿಸುವುದು, ಬ್ಯೂಟಿ ಪಾರ್ಲರಿನಲ್ಲಿ ಮಚ್ಚೆ ಸುಡಿಸಿಕೊಳ್ಳುವುದು. ಸುಟ್ಟು ಹೋದ ಮಚ್ಚೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಲಾಗದು, ಮತ್ತು ಮೆಲನೋಮ ಎಷ್ಟು ಆಳಕ್ಕಿಳಿದಿದೆ ಎಂಬ ಮಿಲಿಮೀಟರಿನ ಲೆಕ್ಕದ ಮೇಲೆಯೇ ಮುಂದಿನ ಚಿಕಿತ್ಸೆಯೆಲ್ಲ ನಿಂತಿರುತ್ತದೆ. ಆ ಆಳವನ್ನು ಅಳೆಯುವ ಪದ್ಧತಿಯನ್ನು 1970ರಲ್ಲಿ ಬ್ರೆಸ್ಲೊ ಎಂಬ ರೋಗಶಾಸ್ತ್ರಜ್ಞರು ಕೊಟ್ಟರು. ಆದ್ದರಿಂದ ಸೌಂದರ್ಯಕ್ಕಾಗಿ ಮಚ್ಚೆ ತೆಗೆಸುವವರೂ ಮೊದಲು ಡರ್ಮೋಸ್ಕೋಪಿ ಮಾಡಿಸಿ, ಕತ್ತರಿಸಿ ತೆಗೆದ ತುಣುಕನ್ನು ಪ್ರಯೋಗಾಲಯಕ್ಕೆ ಕಳಿಸಲು ಹೇಳಬೇಕು.

ಖರ್ಚಿನ ಚಿಂತೆ ಇರುವ ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಪತ್ರ ಪಡೆಯಿರಿ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಕಳಿಸಿದರೆ ವರದಿಯ ಕಾಗದವಷ್ಟೇ ಸಾಲದು, ಬಯಾಪ್ಸಿಯ ಸ್ಲೈಡು ಮತ್ತು ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಒಯ್ಯಿರಿ. ವರದಿ ನಿರಪಾಯ ಎಂದು ಬಂದರೆ ನಕ್ಷೆಯಲ್ಲಿ ಆ ಅಂಕಿಯನ್ನು ಅಳಿಸದೆ, ಅದರ ಎದುರು ತೆಗೆದ ದಿನಾಂಕ ಮತ್ತು ವರದಿಯ ಸಂಖ್ಯೆ ಬರೆದು, ಹೊಲಿಗೆ ಮಾಯ್ದ ಮೇಲೆ ಗಾಯದ ಕಲೆಯ ಫೋಟೊ ಸೇರಿಸಿ. ಆ ಕಲೆಯೊಳಗೆ ಮುಂದೆಂದಾದರೂ ಕಪ್ಪು ಬಣ್ಣ ಮರಳಿ ಕಾಣಿಸಿಕೊಂಡರೆ ಹಳೆಯ ವರದಿಯೊಂದಿಗೆ ಅದೇ ವೈದ್ಯರಿಗೆ ತೋರಿಸಬೇಕಾಗುತ್ತದೆ.